ಹಸಿ ತೆನೆ ಕೊಯ್ದ ವರ್ಷ

ನಮ್ಮ ಅತ್ತೆಗೆ ಇಬ್ಬರು ಮಕ್ಕಳು. ಒಬ್ಬರು ನನ್ನ ಗಂಡ, ಇನ್ನೊಬ್ಬಳು ಎಮ್ಮೆ. ಯಾರ ಮೇಲೆ ಜೀವ ಹೆಚ್ಚು ಎಂದು ನಾನು ಕೇಳಲು ಹೋಗಿಲ್ಲ. ಉತ್ತರ ಗೊತ್ತಿದ್ದೂ ಕೇಳಿ ಗಂಡನ ಮನಸ್ಸು ನೋಯಿಸುವುದೇಕೆ? ತಾಯಿ ಸತ್ತ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗೆ ತಮ್ಮದೇ ಕೌದಿ ಹೊದಿಸಿ ಬೆಳೆಸಿದವರು ಅವರು. ಈಗಲೂ ಅವರು ಪಕ್ಕದಲ್ಲಿ ನಿಲ್ಲದಿದ್ದರೆ ಎಮ್ಮೆ ನನಗೆ ಹಾಲು ಇಳಿಸುವುದಿಲ್ಲ.

ಆದರೆ ಬೇಸಿಗೆ ಬಂದರೆ ಯಾರು ನಿಂತರೂ ಅಷ್ಟೇ. ರಾವೂರಿನ ಹತ್ತಿರದ ನಮ್ಮೂರಲ್ಲಿ ಯುಗಾದಿ ಕಳೆದ ಮೇಲೆ ಹಸಿರು ಅಂದರೆ ಜಾಲಿಗಿಡ ಮಾತ್ರ. ಜೋಳದ ಒಣ ದಂಟಿನ ಕಣಕಿ ಅಗಿದು ಅಗಿದು ಎಮ್ಮೆಯ ಪಕ್ಕೆಲುಬು ಕಾಣತೊಡಗುತ್ತವೆ, ಹಾಲು ಬತ್ತುತ್ತದೆ. ಅದಕ್ಕೇ ಹೋದ ವರ್ಷ ರಸಮೇವು ಮಾಡಲು ಹೊರಟೆವು. ಹಸಿ ಮೇವನ್ನು ಸಣ್ಣಗೆ ಕತ್ತರಿಸಿ, ಗುಂಡಿಯಲ್ಲಿ ತುಳಿದು ತುಂಬಿ, ಗಾಳಿ ಆಡದಂತೆ ಮುಚ್ಚಿ ಹುಳಿ ಬರಿಸುವುದು. ಓಣಿಯವರು ಅದಕ್ಕೆ ಎಮ್ಮೆಯ ಉಪ್ಪಿನಕಾಯಿ ಎಂದು ಹೆಸರಿಟ್ಟರು.

ಆ ಉಪ್ಪಿನಕಾಯಿ ಕೆಟ್ಟಿತು. ಜೋಳ ಬಲಿತ ಮೇಲೆ ತೆನೆ ಮುರಿದುಕೊಂಡು, ಬರೀ ದಂಟನ್ನು ಗುಂಡಿಗೆ ಹಾಕಿದ್ದೆವು. ಅನ್ನ ದನಕ್ಕೆ ಹಾಕಬಾರದು ಎಂಬುದು ಅತ್ತೆಯ ಕಟ್ಟಪ್ಪಣೆ. ಬೇಸಿಗೆಯಲ್ಲಿ ತೆರೆದರೆ ಬಿಳಿ ಬೂಷ್ಟು. ಎಮ್ಮೆ ಒಮ್ಮೆ ಮೂಸಿ ಮುಖ ತಿರುಗಿಸಿತು. ಆ ದಿನ ನಮ್ಮವರು ತಾಯಿಯ ಮುಂದೆಯೇ ಹೇಳಿಬಿಟ್ಟರು, “ಇನ್ನೊಂದ್ ಬ್ಯಾಸಗಿ ನೋಡ್ತೀನಿ. ಹಿಂಗೇ ಆದ್ರ ಕಾಳಗಿ ಸಂತಿಗಿ ಹೊಡ್ಕೊಂಡು ಹೋಗ್ತೀನಿ.” ಅತ್ತೆ ಊಟ ಬಿಟ್ಟರು. ಮಗ ಹಟ ಬಿಡಲಿಲ್ಲ.

ಮುಂದಿನ ಬೆಳೆ ತೆನೆಗೆ ಬಂದಾಗ ಚಿತ್ತಾಪುರದ ದನದ ಡಾಕ್ಟರನ್ನು ಕೇಳಿದೆ. ಅವರು ನಕ್ಕು, “ಒಣಗಿದ ದಂಟು ಹ್ಯಾಂಗ ಹುಳಿ ಆಗ್ತದ್ರಿ ಅಕ್ಕಾರ? ಕಾಳಿನ್ಯಾಗಿನ ಹಾಲು ಗಟ್ಟಿಯಾಗಿ ಹಿಟ್ಟಾಗ್ಲಿಕತ್ತಾಗ ತೆನಿ ಸಮೇತ ಕೊಯ್ರಿ. ದಂಟಿನ್ಯಾಗ ರಸ ಇರ್ತದ, ಕಾಳಿನ್ಯಾಗ ಕಸುವು ಇರ್ತದ” ಎಂದರು.

ಮನೆಗೆ ಬಂದು ಹೇಳಿದಾಗ ಅತ್ತೆ ಬಡಿಯುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟರು. ಎಳ್ಳಮಾವಾಸ್ಯೆ ಆಗಷ್ಟೇ ಮುಗಿದಿತ್ತು. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಹೊತ್ತು ಹೋಗಿ, ತೆನೆ ಕಟ್ಟಿದ ಹೊಲಕ್ಕೆ ಚರಗ ಚೆಲ್ಲಿ ಬಂದಿದ್ದೆವು.

“ಹೊಲ ಬಸುರಿ ಅದ ಅಂತ ಮೊನ್ನಿ ಉಣ್ಣಿಸಿ ಬಂದೀವಿ. ಈಗ ಹೊಟ್ಟ್ಯಾಗಿನ ಕೂಸು ಕೊಯ್ತೀರೇನು?”

ನನಗೆ ಬಾಯಿ ಜೋರು ಅನ್ನುವುದು ಊರಿಗೇ ಗೊತ್ತು. ಆದರೂ ಆ ದಿನ ಅವರು ಬಿಟ್ಟ ರೊಟ್ಟಿಯನ್ನು ನಾನೇ ಬಡಿದು ಹಂಚಿಗೆ ಹಾಕಿದೆ. ಅತ್ತೆಯ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ತೆನೆ ಉಳಿಸಿದರೆ ಎಮ್ಮೆ ಹೋಗುತ್ತದೆ, ಎಮ್ಮೆ ಉಳಿಯಬೇಕೆಂದರೆ ತೆನೆ ಕೊಯ್ಯಬೇಕು. ಅದು ಅವರಿಗೂ ತಿಳಿದಿತ್ತು.

ಕೆಲವು ದಿನ ಕಳೆದವು. ಕಾಳು ಗಟ್ಟಿಯಾಗುತ್ತಾ ಬಂತು, ನನ್ನ ಎದೆಯಲ್ಲಿ ಅವಸರ. ಒಂದು ಮಧ್ಯಾಹ್ನ ಎಮ್ಮೆಯನ್ನು ಹೊಲದ ಬದುವಿನಲ್ಲಿ ಕಟ್ಟಿ ಬುತ್ತಿ ಬಿಚ್ಚಿದ್ದೆವು. ನೋಡುವಷ್ಟರಲ್ಲಿ ಅದು ಗೂಟ ಕಿತ್ತುಕೊಂಡು ಜೋಳದೊಳಗೆ ಕತ್ತು ಚಾಚಿ, ತೆನೆಗಳನ್ನೇ ಆರಿಸಿ ಆರಿಸಿ ಮೇಯುತ್ತಿತ್ತು. ಅತ್ತೆ ಕೋಲು ಎತ್ತಿಕೊಂಡು ಓಡಿದರು. ಹತ್ತಿರ ಹೋದವರು ಹೊಡೆಯದೆ ನಿಂತುಬಿಟ್ಟರು. ಎಮ್ಮೆ ತುಂಬಿದ ಗಬ್ಬ, ಹೊಟ್ಟೆ ಇಳಿಬಿದ್ದಿತ್ತು.

ಕೋಲು ಕೆಳಗಿಟ್ಟು ಅವರು ನನ್ನ ಕಡೆ ತಿರುಗಿದರು. “ನಿನ್ನ ಗಂಡ ಹೊಟ್ಟ್ಯಾಗಿದ್ದಾಗ ಮಂದಿ ಹೊಲದಾಗ ಹಸಿ ಕಡ್ಲಿ ಕಿತ್ತು ತಿಂದಿದ್ದೆ. ಆ ಹೊಲದಾಕಿ ನೋಡಿ ಬೈಲಿಲ್ಲ. ಬಸುರಿ ಬಯಸ್ಯಾಳ ಅಂತ ಇನ್ನಷ್ಟು ಕಿತ್ತು ಉಡ್ಯಾಗ ಹಾಕಿದ್ಲು.” ಎಮ್ಮೆಯನ್ನೂ ಹೊಲವನ್ನೂ ನೋಡಿದರು. “ಒಬ್ಬ ಬಸುರಿ ಇನ್ನೊಬ್ಬ ಬಸುರಿಗಿ ಕೊಟ್ರ ತಪ್ಪೇನದ? ನಾಳಿ ಕುಡಗೋಲು ಮಸಿರಿ.”

ಮರುದಿನ ಮೊದಲ ಹಿಡಿ ಕೊಯ್ದವರು ಅವರೇ. ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ತಪ್ಪಾಯಿತೆಂದು ಹೊಲಕ್ಕೆ ಹೇಳಿ, ಆಮೇಲೆ ಕೈ ನಿಲ್ಲಿಸಲಿಲ್ಲ. ನಮ್ಮ ರೊಟ್ಟಿಗೆ, ಹಕ್ಕಿಗಳಿಗೆ ಎಂದು ಹೊಲದ ಉಳಿದ ಪಟ್ಟಿಯನ್ನು ಕೊಯ್ಯಗೊಡಲಿಲ್ಲ. ಗುಂಡಿಯ ಗೋಡೆಗೆ ಶಹಾಬಾದ ಫರಸಿ ಕಲ್ಲು ಹಚ್ಚಿದ್ದೆವು. ಕತ್ತರಿಸಿದ ಮೇವು ಹರಡಿ, ಬೆಲ್ಲದ ನೀರು ಚಿಮುಕಿಸಿ, ಮೂವರೂ ತುಳಿದೇ ತುಳಿದೆವು. ಮೇಲೆ ತಾಡಪತ್ರಿ, ಅದರ ಮೇಲೆ ಮಣ್ಣು, ಕಲ್ಲು. ಎಲ್ಲಿ ಗಾಳಿ ಹೊಕ್ಕರೂ ಅಲ್ಲಿ ಬೂಷ್ಟು ಎಂದು ಡಾಕ್ಟರು ಹೇಳಿದ್ದರಿಂದ ಅತ್ತೆ ದಿನಾ ಬಿರುಕು ಹುಡುಕಿ ಮೆತ್ತುತ್ತಿದ್ದರು. ಇಣುಕಲು ಬಂದ ಓಣಿಯವರಿಗೆ ಅವರ ಬಾಯಿಂದ ಏನು ಸಿಕ್ಕಿತೆಂದು ನಾನು ಬರೆಯುವುದಿಲ್ಲ.

ಶಿವರಾತ್ರಿಯ ಆಸುಪಾಸಿನಲ್ಲಿ ಎಮ್ಮೆ ಹೆಣ್ಣು ಕರು ಹಾಕಿತು. ಯುಗಾದಿ ಮುಗಿಸಿ ಗುಂಡಿ ತೆರೆದೆವು. ಅಂಚಿನಲ್ಲಿ ಸ್ವಲ್ಪ ಕಪ್ಪಾಗಿದ್ದನ್ನು ತೆಗೆದೆಸೆದರೆ, ಕೆಳಗೆ ಹಳದಿ ಬೆರೆತ ಹಸಿರು. ಹುಳಿ ಮಜ್ಜಿಗೆಗೆ ಬೆಲ್ಲ ಬಿದ್ದಂಥ ವಾಸನೆ. ಎಮ್ಮೆ ಮೂಸಿ ತಲೆ ಎತ್ತಿತು. ನಮ್ಮವರು ತಾಯಿಯ ಮುಖ ನೋಡಿದರು. ನಾನು ಬುಟ್ಟಿಯನ್ನು ಇನ್ನಷ್ಟು ಹತ್ತಿರ ಸರಿಸಿದೆ. ಆಮೇಲೆ ಅದು ಬಾಯಿ ಹಾಕಿತು, ಬುಟ್ಟಿ ಬರಿದಾಗುವವರೆಗೆ ಎತ್ತಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ಬೈದರು, ಹೊಗೆ ಮಾಡಿದ್ದೇನೆಂದು. ಒಲೆ ಇನ್ನೂ ಹಚ್ಚಿಯೇ ಇರಲಿಲ್ಲ.

ಈ ಬಿರುಬೇಸಿಗೆಯಲ್ಲೂ ಬೆಳಗಿನ ಹಾಲು ಚೊಂಬು ದಾಟುತ್ತಿದೆ. ನಿನ್ನೆ ಊಟಕ್ಕೆ ಕೂತಾಗ, ಸಂತೆಗೆ ಯಾವಾಗ ಹೋಗುತ್ತೀರಿ ಎಂದು ನಮ್ಮವರನ್ನು ಕೆಣಕಿದೆ. ಅವರು ತಟ್ಟೆಗೆ ಮಜ್ಜಿಗೆ ಸುರಿದುಕೊಂಡರು. ಎಮ್ಮೆ ಕಟ್ಟಿದ ಕಡೆಯಿಂದ ಅತ್ತೆ ಹೇಳಿದರು,

“ಅವನಿಗೇನು ಕೇಳ್ತಿ? ಈ ಸಲ ಬಿತ್ತುವಾಗ ಅಕಿ ಪಾಲು ಬ್ಯಾರೆ ಬಿತ್ತಂತ ಹೇಳು. ಅಕಿ ಮಗಳದೂ ಸೇರಿಸಿ.”