ಎರಡು ಋಣ ಕೂಡಿದರೆ

ಲೆಕ್ಕ ಎಂದರೆ ನನಗೆ ಮೊದಲಿಂದಲೂ ಎದೆ ಡವಡವ. ನೌಕರಿ ಸಿಕ್ಕ ಮೇಲೆ ಕಲಿಸಲು ಸಿಕ್ಕಿದ್ದೂ ಲೆಕ್ಕವೇ! ಎಂಬತ್ತರ ದಶಕದ ಮೊದಲ ವರ್ಷಗಳು. ಅಫಜಲಪುರದಲ್ಲಿ ಬೆಳೆದ ನಾನು ಇಪ್ಪತ್ತೆರಡರ ವಯಸ್ಸಿಗೆ ಆಳಂದ ತಾಲ್ಲೂಕಿನ ಗಡಿಯ ಒಂದು ಹಳ್ಳಿಗೆ ಶಿಕ್ಷಕಿಯಾಗಿ ಹೋದೆ. ಕನ್ನಡ ಕಲಿಸುವ ಆಸೆಯಿಂದ ಹೋದವಳ ಕೈಗೆ ಹೆಡ್‌ಮಾಸ್ತರರು ಏಳನೆಯ ತರಗತಿಯ ಗಣಿತದ ಪುಸ್ತಕ ಇಟ್ಟರು. “ನಿಮ್ಮ ನೌಕರಿ ಇನ್ನಾ ಕಾಯಂ ಆಗಿಲ್ಲ, ಖಬರ್ ಇರ್ಲಿ” ಎಂದು ನಕ್ಕರು. ಆ ಮನುಷ್ಯ ನಗುತ್ತಲೇ ಹೆದರಿಸುತ್ತಿದ್ದರು.

ಪೂರ್ಣಾಂಕಗಳ ಸಂಕಲನ, ವ್ಯವಕಲನವನ್ನು ವರ್ಗವಾಗಿ ಹೋದ ಹಿಂದಿನ ಶಿಕ್ಷಕರು ಮುಗಿಸಿದ್ದರು. ನನ್ನ ಪಾಲಿಗೆ ಗುಣಾಕಾರ, ಭಾಗಾಕಾರ ಉಳಿದಿತ್ತು. ಮೂರನ್ನು ಋಣ ಎರಡರಿಂದ ಗುಣಿಸಿದರೆ ಋಣ ಆರು. ಇದು ಹೇಗೋ ತಲೆಗೆ ಹೋಯಿತು. ಆದರೆ ಋಣ ಮೂರನ್ನು ಋಣ ಎರಡರಿಂದ ಗುಣಿಸಿದರೆ ಧನ ಆರು ಯಾಕಾಗುತ್ತದೆ? ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ನನಗೆ ಕಲಿಸಿದ ಪುಣ್ಯಾತ್ಮರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಬೋರ್ಡಿನ ಮೇಲೆ ಬರೆಯುವಾಗ, ಹಿಂದಿನಿಂದ ಯಾರಾದರೂ ‘ಯಾಕೆ’ ಎಂದುಬಿಟ್ಟರೆ ಎಂದು ಬೇಗಬೇಗ ಗೀಚಿ ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಿದ್ದೆ.

ಅಂದೇಬಿಟ್ಟಳು, ಕಿಟಕಿಯ ಹತ್ತಿರ ಕೂರುತ್ತಿದ್ದ ಹುಡುಗಿ. “ಯಾಕ್ರಿ ಅಕ್ಕೋರ?”

ಹೆದರಿದಾಗ ನನಗೆ ಮೊದಲು ಬರುವುದು ಸಿಟ್ಟು. “ನಿನಗ್ಯಾಕ ಬೇಕು ಆ ಉಸಾಬರಿ? ಎರಡು ಋಣ ಕೂಡಿದ್ರ ಧನ ಆಗ್ತದ. ಇಷ್ಟು ಬಾಯಿಪಾಠ ಮಾಡು, ಸಾಕು” ಎಂದು ಗದರಿದೆ. ಹುಡುಗಿ ತಲೆ ತಗ್ಗಿಸಿ ಕೂತಳು. ಮರುದಿನದಿಂದ ಪ್ರಾರ್ಥನೆ ಮುಗಿದ ಕೂಡಲೇ ತರಗತಿಯ ಹನ್ನೊಂದೂ ಮಕ್ಕಳಿಂದ ಆ ಮಾತನ್ನು ಕೂಗಿಸತೊಡಗಿದೆ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ತಲೆದೂಗಿದರು. ನನಗೂ ಅಷ್ಟೇ ಬೇಕಿತ್ತು.

ಏಳನೆಯ ತರಗತಿಗೆ ಆಗ ಪಬ್ಲಿಕ್ ಪರೀಕ್ಷೆ. ಪರೀಕ್ಷೆಗೆ ವಾರವಿದ್ದಾಗ ಆ ಹುಡುಗಿಯ ಅಪ್ಪ ಶಾಲೆಗೆ ಬಂದರು. ರುಮಾಲು ಸರಿಪಡಿಸಿಕೊಂಡು, “ಅಕ್ಕೋರ, ಪಾಸಾದ್ರ ಆಳಂದದಾಗ ನನ್ನ ತಂಗಿ ಮನ್ಯಾಗ ಇಟ್ಟು ಹೈಸ್ಕೂಲಿಗಿ ಹಾಕ್ತೇನ್ರಿ. ನಪಾಸಾದ್ರ ಆಕಿ ಸ್ವಾದರಮಾವ ಕಾಯ್ಲಾಕತ್ಯಾನ, ಅಕ್ಕಿಕಾಳು ಹಾಕಿಬಿಡ್ತೇನಿ” ಎಂದರು. ಮದುವೆ ಮಾಡಿ ಮುಗಿಸುತ್ತೇನೆ ಎಂದದ್ದು ಅವರು ಬೆದರಿಸಲಿಕ್ಕಲ್ಲ, ಸಹಜವಾಗಿ. ಹುಡುಗಿಗೆ ಹದಿಮೂರು ವರ್ಷ. ಉಳಿದ ವಿಷಯಗಳಲ್ಲಿ ಚುರುಕು, ಲೆಕ್ಕದಲ್ಲಿ ಮಾತ್ರ ಅಂಚಿನಲ್ಲಿದ್ದಳು. ಅಂದಿನಿಂದ ನನಗೆ ಊಟ ಸೇರಲಿಲ್ಲ.

ಆಳಂದದಲ್ಲಿ ಪರೀಕ್ಷೆ. ಗಣಿತದ ದಿನ ಮಕ್ಕಳನ್ನು ಒಳಗೆ ಕಳಿಸಿ ನಾನೂ ಹೆಡ್‌ಮಾಸ್ತರರೂ ಬೇವಿನ ಗಿಡದ ಕೆಳಗೆ ಕೂತೆವು. ಎಲ್ಲರಿಗಿಂತ ಮೊದಲು ನಮ್ಮ ತರಗತಿಯ ಒಬ್ಬ ಜಿಗಿಯುತ್ತಾ ಹೊರಬಂದ. ಪ್ರಶ್ನೆಪತ್ರಿಕೆಯ ಮೇಲೇ ಪೆನ್ಸಿಲಿನಿಂದ ಉತ್ತರ ಬರೆದುಕೊಂಡಿದ್ದ. ಋಣ ಏಳಕ್ಕೆ ಋಣ ಐದನ್ನು ಕೂಡಿಸಿ ಎಂದಿದ್ದಲ್ಲಿ ಧನ ಹನ್ನೆರಡು ಎಂದಿತ್ತು.

“ಇದೇನೋ ಇದು?”

“ನೀವೇ ಹೇಳಿದ್ರೆಲ್ರಿ ಅಕ್ಕೋರ! ಎರಡು ಋಣ ಕೂಡಿದ್ರ ಧನ!”

ಅಯ್ಯೋ ಶಿವನೇ! ಕೂಡಿದರೆ ಎಂದು ನಾನು ಅಂದದ್ದು ಎರಡು ಋಣ ಜೊತೆಗೂಡಿದರೆ ಎಂಬ ಅರ್ಥದಲ್ಲಿ, ಗುಣಾಕಾರದ ಮಾತು. ಮಕ್ಕಳಿಗೆ ಒಂದನೆಯ ತರಗತಿಯಿಂದ ಕೂಡು ಎಂದರೆ ಕೂಡುವ ಲೆಕ್ಕ. ಗುಣಿಸಿದರೆ ಎಂಬ ಒಂದು ಶಬ್ದ ನನ್ನ ನಾಲಿಗೆಗೆ ಬಂದಿದ್ದರೆ ಏನಾಗುತ್ತಿತ್ತು? ಸುಟ್ಟ ನಾಲಿಗೆ! ಮೂರು ತಿಂಗಳು ದಿನಾ ಕೂಗಿಸಿದ್ದೆನಲ್ಲ, ಹನ್ನೊಂದೂ ಮಂದಿ ಹಾಗೇ ಬರೆದಿರುತ್ತಾರೆ ಎನಿಸಿತು. ಪತ್ರಿಕೆಯನ್ನು ಮಡಚಿ ಸೆರಗಿನಲ್ಲಿ ಮುಚ್ಚಿಕೊಂಡೆ. ಪಕ್ಕದಲ್ಲೇ ಹೆಡ್‌ಮಾಸ್ತರರು ಅಡಿಕೆ ಕತ್ತರಿಸುತ್ತಿದ್ದರು. ಹುಡುಗಿ ಇನ್ನೂ ಒಳಗಿದ್ದಳು. ಓಡಿಹೋಗಿ ಕಿಟಕಿಯಿಂದ ಕೂಗಿ ಹೇಳಲೇ ಎಂದು ಎದ್ದೆ, ಬಾಗಿಲಲ್ಲಿ ಕಾವಲಿಗಿದ್ದ ಪೊಲೀಸಿನವನನ್ನು ಕಂಡು ಕೂತೆ. ಅವಳ ಮಾವನ ಮುಖ ನಾನು ನೋಡಿರಲಿಲ್ಲ, ಆದರೂ ಅವನು ಕಣ್ಣ ಮುಂದೆ ಬಂದು ನಿಂತ.

ಕೊನೆಯ ಗಂಟೆ ಬಾರಿಸಿದ ಮೇಲೆ ಅವಳು ಬಂದಳು. ಕಣ್ಣು ಕೆಂಪಗಾಗಿದ್ದವು.

“ಅಕ್ಕೋರ, ಬೈಬ್ಯಾಡ್ರಿ. ನಿಮ್ಮ ಮಾತು ಮೀರಿಬಿಟ್ಟೆರಿ.”

“ಏನ್ ಬರದಿ? ಲಗು ಹೇಳು!”

“ಋಣ ಹನ್ನೆರಡು ಬರದೇನ್ರಿ. ಬಾವ್ಯಾಗ ಏಳು ಮೆಟ್ಲ ಇಳದು ಮತ್ತ ಐದು ಮೆಟ್ಲ ಇಳದ್ರ ಇನ್ನಾ ಕೆಳಗ ಹೋಗ್ತೇವಲ್ರಿ, ಮ್ಯಾಲ ಹ್ಯಾಂಗ ಬರ್ತೇವಿ? ನೀವು ಹೇಳಿದ್ದು ಎಷ್ಟು ಸಲ ಅಂದ್ಕೊಂಡ್ರೂ ಮನಸ್ಸು ಒಪ್ಪಲಿಲ್ಲರಿ. ತಪ್ಪಾಯ್ತೇನ್ರಿ?” ಎಂದು ಬಿಕ್ಕಿದಳು.

“ಇಲ್ಲವ್ವ, ಖರೇ ಬರದಿ” ಎಂದೆ. ನನಗೂ ಅಳು ಬಂತು.

ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. “ಹಂಗಾದ್ರ ನೀವು ಹೇಳಿದ್ದು?”

ಅಡಿಕೆ ಕತ್ತರಿಸುವ ಸದ್ದು ನಿಂತಿತು. ಹೆಡ್‌ಮಾಸ್ತರರು ತಲೆಯೆತ್ತಿದ್ದರು. ನಾನು ತಪ್ಪು ಹೇಳಿಕೊಟ್ಟೆ ಎಂದು ಅನ್ನಲು ಎಷ್ಟು ಹೊತ್ತು ಬೇಕಿತ್ತು? “ಆಮ್ಯಾಲ ಹೇಳ್ತೇನಿ, ನಡಿ, ಬಸ್ ಬಿಡ್ತದ” ಎಂದೆ. ಆಮೇಲೆ ಯಾವತ್ತೂ ಹೇಳಲಿಲ್ಲ. ಇಷ್ಟು ದಿನ ಆ ಹುಡುಗಿಗಾಗಿ ಹೆದರುತ್ತಿದ್ದೇನೆ ಎಂದುಕೊಂಡಿದ್ದೆ, ನೋಡಿದರೆ ನನ್ನ ನೌಕರಿಗೂ ಅಷ್ಟೇ ಹೆದರಿದ್ದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಫಲಿತಾಂಶ ಬಂತು. ಹುಡುಗಿಗೆ ಗಣಿತದಲ್ಲಿ ಮೂವತ್ತಾರು. ಪಾಸಾಗಲು ಮೂವತ್ತೈದು ಬೇಕಿತ್ತು, ಆ ಒಂದು ಲೆಕ್ಕಕ್ಕೆ ಎರಡು ಅಂಕ ಇತ್ತು. ನಾನು ಅಂಕಪಟ್ಟಿಯನ್ನು ಹಿಡಿದುಕೊಂಡು ನಿಂತೇ ಇದ್ದೆ. ಅವಳ ಅಪ್ಪ ಪೇಢೆಯ ಪೊಟ್ಟಣ ತಂದು ನನ್ನ ಮೇಜಿನ ಮೇಲೆ ಬಿಚ್ಚಿದರು. ಹಿಂದೆ ಹುಡುಗಿ ನಿಂತಿದ್ದಳು.

“ನೀವು ಹೇಳಿದ್ದ ಮಾತು ಒಂದೂ ಮೀರಲಿಲ್ಲ ನೋಡ್ರಿ ನಮ್ಮ ಹುಡುಗಿ. ಅದಕ್ಕೇ ಪಾಸಾದಳು. ಹೌದಿಲ್ರಿ ಅಕ್ಕೋರ?”

ಹುಡುಗಿ ಅಪ್ಪನ ಹೆಗಲ ಹಿಂದಿನಿಂದ ನನ್ನ ಬಾಯನ್ನೇ ನೋಡುತ್ತಿದ್ದಳು.

“ಹೌದ್ರಿ” ಎಂದೆ.