ರುಬ್ಬುವ ಎಂಜಿನ್

…ಅಥವಾ ಮೊದಲ ಸಲಕ್ಕೇ ಚಾಲೂ ಆಗಿತ್ತೋ ಏನೋ. ಸ್ವಲ್ಪ ಹೊತ್ತಿನ ಹಿಂದೆ ಇದೇ ಹಾಳೆಯಲ್ಲಿ ‘ತಕ್ಷಣ’ ಎಂದು ಬರೆದಿದ್ದೆ. ಈಗ ಹೊಡೆದುಹಾಕಿದ್ದೇನೆ. ಬಾಂದ್ರಾದ ರಸ್ತೆಬದಿಯಲ್ಲಿ ಚಹಾ ಕುಡಿದು ಬಂದು, ಇನ್ನೂ ಬಿಸಿಯಾಗಿದ್ದ ಎಂಜಿನ್ನಿಗೆ ಚಾವಿ ತಿರುಗಿಸಿದಾಗ ಆ ಕಾರು ಒಂದೇ ಸಲಕ್ಕೆ ಎದ್ದಿತು ಎಂದು ನನ್ನ ನೆನಪು. ಹಿಂದಿನ ಸೀಟಿನಲ್ಲಿ ಮುದುಡಿ ಕೂತಿದ್ದ ಮೆಕ್ಯಾನಿಕ್ ಮೂರು ಸಲ ತಿರುಗಿಸಬೇಕಾಯಿತು ಎನ್ನುತ್ತಾನೆ. ಅವನ ಕಿವಿ ತಾಲೀಮು ಪಡೆದದ್ದು. ನನ್ನದು ಆಸೆಯಿಂದ ತುಂಬಿದ್ದು. ಹಾಗಾಗಿ ಅವನನ್ನೇ ನಂಬಬೇಕು. ಆದರೆ ನನ್ನ ನೆನಪು ಕೇಳುವುದಿಲ್ಲ, ಪ್ರತಿ ಸಲವೂ ಒಂದೇ ಸಲಕ್ಕೆ ಚಾಲೂ ಮಾಡುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ತಕರಾರೇಕೆ ಎಂದರೆ, ಈ ಜಾತಿಯ ಎಂಜಿನ್ನಿನ ಆಯುಷ್ಯ ಗೊತ್ತಾಗುವುದು ಅಲ್ಲೇ. ತಣ್ಣಗಿದ್ದಾಗ ಸವೆದದ್ದೂ ಎದ್ದುಬಿಡುತ್ತದೆ. ಬಿಸಿಯಾಗಿದ್ದಾಗ ಮಾತ್ರ ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಒಳಗಿನ ಒತ್ತಡ ಸೋರುತ್ತಿದ್ದರೆ ಚಾವಿ ತಿರುಗಿಸಿದಷ್ಟೂ ಬರೀ ಕೊರಗುತ್ತದೆ.

ಮೊದಲಿನಿಂದ ಹೇಳುತ್ತೇನೆ, ಅಂದರೆ ನನಗೆ ಈಗ ಮೊದಲು ಎಂದು ಅನಿಸುವಲ್ಲಿಂದ. ನನ್ನ ಆಫೀಸು ಫೋರ್ಟ್‌ನಲ್ಲಿ. ಹನ್ನೆರಡು ವರ್ಷ ನಾನು ಮಧ್ಯಾಹ್ನ ಉಂಡದ್ದು ಪಕ್ಕದ ಗಲ್ಲಿಯ ಒಂದು ಉಡುಪಿ ಹೋಟೆಲಿನಲ್ಲಿ. ಅದರ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದವರು ಅರವತ್ತು ದಾಟಿದ ಒಬ್ಬ ಹೆಂಗಸು. ಮಾಲಕಿ ಅವರೇ. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ. ಹನ್ನೆರಡು ವರ್ಷದಲ್ಲಿ ನಮ್ಮ ಮಾತು ಒಂದೇ: “ಸಾರು ಸಾಕಾ?” “ಸಾಕು ಅಕ್ಕ.” ಒಂದು ದಿನ ಅವರ ಹಿಂದಿನ ಗೋಡೆಯಲ್ಲಿ, ದೇವರ ಫೋಟೋದ ಕೆಳಗೆ, ಕೈಬರಹದ ಚೀಟಿ ಅಂಟಿಸಿತ್ತು. ‘ಸ್ಪೋರ್ಟ್ಸ್ ಕಾರು ಮಾರಲಿಕ್ಕಿದೆ. ನೋಡಿ ಹೋಗುವವರು ಬೇಡ.’ ಕನ್ನಡದಲ್ಲಿ ಮಾತ್ರ ಬರೆದಿತ್ತು. ಫೋರ್ಟ್‌ನಲ್ಲಿ ಅದನ್ನು ಓದಬಲ್ಲ ಎಷ್ಟು ಜನ ಕಾರು ಕೊಳ್ಳುವವರಿದ್ದರೋ!

“ಯಾರದ್ದು ಅಕ್ಕ, ಮಗನದಾ?” ಎಂದು ಕೇಳಿದೆ.

“ನನ್ನದು,” ಎಂದರು. “ಯಾಕೆ, ಆಗ್ಬಾರ್ದಾ?”

ಅವರ ಮೈದುನ ಸಿಂಗಾಪುರದ ಕೆಲಸ ಬಿಟ್ಟು ಬರುವಾಗ ಆ ಜಪಾನಿ ಕಾರನ್ನು ಹಡಗಿನಲ್ಲಿ ತಂದಿದ್ದನಂತೆ. ಅದರ ಪೆಟ್ರೋಲಿನ ಹಸಿವು ತಾಳದೆ ಎರಡೇ ವರ್ಷಕ್ಕೆ ಇವರಿಗೆ ಬಿಟ್ಟುಕೊಟ್ಟ. ಅಂದಿನಿಂದ ಹೋಟೆಲಿಗೆ ರಜೆ ಇರುವ ಭಾನುವಾರಗಳಲ್ಲಿ ಬೆಳಿಗ್ಗೆ ಇವರು ಗೋರೆಗಾಂವ್‌ನಿಂದ ಫೋರ್ಟ್‌ಗೆ, ಖಾಲಿ ರಸ್ತೆಯಲ್ಲಿ, ಒಬ್ಬರೇ ಓಡಿಸಿಕೊಂಡು ಬಂದು, ಮುಚ್ಚಿದ ಹೋಟೆಲಿನ ಮುಂದೆ ಒಂದು ಸುತ್ತು ಹಾಕಿ ವಾಪಸು ಹೋಗುತ್ತಿದ್ದರು. ಈಗ ಗೋರೆಗಾಂವ್‌ನ ಬಿಲ್ಡಿಂಗ್ ಕೆಡವಿ ಹೊಸತು ಕಟ್ಟುತ್ತಾರೆ. ಅಲ್ಲಿಯವರೆಗೆ ಇರಬೇಕಾದ ಬಾಡಿಗೆ ಮನೆಯಲ್ಲಿ ಕಾರಿಗೆ ಜಾಗವಿಲ್ಲ. ಕಾರಣ ಇಷ್ಟೇ ಎಂದರು. ಇಷ್ಟೇ ಎಂದು ನಾನೂ ನಂಬಿದೆ.

ಮುಂದಿನ ಭಾನುವಾರ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋದೆ. ಕಲಬುರಗಿ ಕಡೆಯವನು. ಇಪ್ಪತ್ತು ವರ್ಷದಿಂದ ಜೋಗೇಶ್ವರಿಯಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಅಕ್ಕ ಹೊದಿಕೆ ಎಳೆದರು. ಆ ಕ್ಷಣವನ್ನು ವರ್ಣಿಸಲು ಹೋದಾಗಲೆಲ್ಲ ಬಣ್ಣ ಬದಲಾಗುತ್ತದೆ. ಕೆಂಪು ಎನ್ನುತ್ತೇನೆ, ಆದರೆ ಈಗ ನಮ್ಮ ಬಿಲ್ಡಿಂಗಿನ ಕೆಳಗೆ ನಿಂತಿರುವುದು ಒಣಮೆಣಸಿನ ಕಪ್ಪುಗೆಂಪು. ಆವತ್ತಿನ ಬಿಸಿಲು ಅದಕ್ಕೆ ಸ್ವಲ್ಪ ಬಣ್ಣ ಸಾಲ ಕೊಟ್ಟಿರಬೇಕು. ಸೊಂಟದೆತ್ತರಕ್ಕೂ ಬಾರದ ಗಾಡಿ. ಅಕ್ಕ ಒಳಗೆ ಕೈಚಾಚಿ ಏನೋ ಒತ್ತಿದರು. ನಯವಾಗಿದ್ದ ಮುಂಭಾಗದಲ್ಲಿ ಎರಡು ರೆಪ್ಪೆ ತೆರೆದು ದೀಪಗಳು ಮೇಲೆದ್ದು ಬಂದವು. ಮೆಕ್ಯಾನಿಕ್ ಒಂದು ಹೆಜ್ಜೆ ಹಿಂದೆ ಸರಿದ. ನಾನೂ ಸರಿದೆನೋ ಇಲ್ಲವೋ, ಹೇಳಲಾರೆ.

ಬಾನೆಟ್ ಎತ್ತಿದರು. ಅಲ್ಲಿ ಇರಬೇಕಾದಷ್ಟು ಎಂಜಿನ್ ಇರಲಿಲ್ಲ. ದೊಡ್ಡ ಅಡುಗೆಯ ಪಾತ್ರೆಯಷ್ಟು ಒಂದು ಮುದ್ದೆ, ಸುತ್ತ ಪೈಪುಗಳು.

“ಇಷ್ಟ ಏನ್ರೀ?” ಎಂದ ಮೆಕ್ಯಾನಿಕ್. “ಉಳಿದದ್ದು ಎಲ್ಲಿ ಐತಿ?”

“ಉಳಿದದ್ದು ಇಲ್ಲ. ಇದಕ್ಕೆ ಪಿಸ್ಟನ್ ಇಲ್ಲ ಮಾರಾಯ್ರೆ.”

“ಪಿಸ್ಟನ್ ಇಲ್ದ ಗಾಡಿ ಹೆಂಗ ಓಡ್ತದ್ರಿ ಅಕ್ಕಾರ? ಚಾಷ್ಟಿ ಮಾಡಬ್ಯಾಡ್ರಿ.”

ಅಕ್ಕ ಬಲಗೈ ಮುಷ್ಟಿ ಮಾಡಿ ಎಡ ಅಂಗೈಯ ಗುಂಡಿಯಲ್ಲಿ ತಿರುಗಿಸಿ ತೋರಿಸಿದರು. “ನಿಮ್ಮ ಗಾಡಿಗಳೆಲ್ಲ ಒನಕೆ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಕುಟ್ಟುವುದು. ಇದು ನಮ್ಮ ಹೋಟೆಲಿನ ಗ್ರೈಂಡರ್. ಕಲ್ಲು ತಿರುಗ್ತಾ ಇರ್ತದೆ, ಅಷ್ಟೆ. ಕಲ್ಲು ಉರುಟಲ್ಲ, ಮೂರು ಮೂಲೆ. ಒಂದು ಮೂಲೆ ಗಾಳಿ ಎಳಿಯುವಾಗ ಇನ್ನೊಂದು ಹಿಂಡ್ತದೆ, ಮತ್ತೊಂದು ಹೊಗೆ ಹೊರಗೆ ಹಾಕ್ತದೆ. ಎಲ್ಲ ಒಟ್ಟಿಗೇ. ಅಂಥದ್ದು ಎರಡುಂಟು.”

ಮೆಕ್ಯಾನಿಕ್ ತನ್ನ ಕೈಯಲ್ಲೂ ಹಾಗೆ ತಿರುಗಿಸಿ ನೋಡಿದ. ಬಹಳ ಹೊತ್ತು ನೋಡಿದ. “ಅಂದ್ರ ನಾವೆಲ್ಲಾ ಇಷ್ಟು ದಿನ ಕುಟ್ಟಿಕೋತ ಕುಂತೀವಿ,” ಎಂದ. ಆಮೇಲೆ ಅಭ್ಯಾಸಬಲದಿಂದ, “ಎವರೇಜ್ ಎಷ್ಟ ಕೊಡ್ತದ?”

“ಅದನ್ನು ಕೇಳುವವರಿಗೆ ಕೊಡುವ ಗಾಡಿಯಲ್ಲ.”

ಕಾರು ಹೈವೇಗೆ ಬಂತು. ಅಕ್ಕ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ಈ ಭಾಗದ ಬಗ್ಗೆ ನನಗೆ ಅನುಮಾನವಿಲ್ಲ, ಏಕೆಂದರೆ ಇದು ಮೈಯಲ್ಲಿ ಉಳಿದಿದೆ, ಮಾತಿನಲ್ಲಿ ಅಲ್ಲ. ಬೇರೆ ಕಾರುಗಳಲ್ಲಿ ವೇಗ ಏರುವಾಗ ಎಂಜಿನ್ ಒದ್ದಾಡುವುದು ಕಾಲಿಗೆ ತಿಳಿಯುತ್ತದೆ. ಇದರಲ್ಲಿ ಒದ್ದಾಟವೇ ಇರಲಿಲ್ಲ. ಮುಳ್ಳು ಏರಿತು, ಏರಿತು, ನಿಲ್ಲಬೇಕಾದಲ್ಲಿ ನಿಲ್ಲದೆ ಇನ್ನೂ ಏರಿತು. ತಂಬೂರಿಯ ತಂತಿಯನ್ನು ಯಾರೋ ಬಿಗಿಮಾಡುತ್ತಲೇ ಹೋದ ಹಾಗೆ ದನಿ ನುಣುಪಾಗಿ ಮೇಲಕ್ಕೆ ಹೋಯಿತು. ಹನ್ನೆರಡು ವರ್ಷ ಸಾರು ಸಾಕಾ ಎಂದು ಕೇಳಿದ ಕೈ ಗೇರು ಬದಲಿಸುತ್ತಿತ್ತು, ಬಳೆ ಸದ್ದಾಗದಷ್ಟು ಮೆತ್ತಗೆ. ನಾನು ಆ ಕೈಯನ್ನೇ ನೋಡುತ್ತಿದ್ದೆ.

ಬಾಂದ್ರಾದಲ್ಲಿ ಅವರೇ ನಿಲ್ಲಿಸಿದರು. “ಹತ್ತು ನಿಮಿಷ ಚಾ ಕುಡಿಯುವ. ಬಿಸಿ ಇರುವಾಗ ಎದ್ದರೆ ಮಾತ್ರ ತಗೊಳ್ಳಿ,” ಎಂದರು. ಆ ಪರೀಕ್ಷೆ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮುಚ್ಚಿಡಬಹುದಿತ್ತು, ಅವರೇ ತೋರಿಸಿಕೊಟ್ಟರು. ಚಹಾ ಕುಡಿದೆವು. ಅಕ್ಕ ಚಾವಿ ತಿರುಗಿಸಿದರು. ಒಂದು ಸಲ, ಅಥವಾ ಮೂರು ಸಲ. ಕಾರು ಎದ್ದಿತು.

ಕೊಡುವ ದಿನ ಅವರು ಎರಡು ಮಾತು ಹೇಳಿ ನನ್ನ ಬಾಯಲ್ಲಿ ಮತ್ತೆ ಹೇಳಿಸಿದರು. “ಆಯಿಲ್ ತಿನ್ತದೆ. ತಿನ್ಲೇಬೇಕು. ತಿನ್ನದಿದ್ರೆ ಹೆದರಿ.” ಇನ್ನೊಂದು: “ತಣ್ಣಗಿರುವಾಗ ಚಾಲೂ ಮಾಡಿದ್ರೆ ಬಿಸಿ ತೋರಿಸುವ ಮುಳ್ಳು ನಡುವಿಗೆ ಬರುವವರೆಗೆ ಬಂದ್ ಮಾಡ್ಲಿಕ್ಕಿಲ್ಲ. ಯಮ ಬಂದು ಕರೆದ್ರೂ, ಸ್ವಲ್ಪ ನಿಲ್ಲು ಮಾರಾಯ, ಮುಳ್ಳು ಬರ್ಲಿ ಅನ್ನಿ.” ಬೇಗ ಬಂದ್ ಮಾಡಿದರೆ ಒಳಗೆ ಪೆಟ್ರೋಲು ನಿಂತು, ಮೂಲೆಗಳ ಅಂಚಿನ ಎಣ್ಣೆಯನ್ನೆಲ್ಲ ತೊಳೆದುಬಿಡುತ್ತದೆ. ಎಣ್ಣೆ ಹೋದ ಮೇಲೆ ಒತ್ತಡವೂ ಇಲ್ಲ, ಎಂಜಿನ್ನೂ ಇಲ್ಲ. ನಾನು ಎರಡನ್ನೂ ಪಾಠದಂತೆ ಒಪ್ಪಿಸಿದೆ.

ಮುಂಬಯಿಯಲ್ಲಿ ಕಾರಿಟ್ಟವರು ಈಗಾಗಲೇ ಊಹಿಸಿರುತ್ತಾರೆ. ಅಂಧೇರಿಯ ನಮ್ಮ ಬಿಲ್ಡಿಂಗು ಹಳೆಯದು, ಕಾಂಪೌಂಡು ಇಕ್ಕಟ್ಟು. ಕಾರುಗಳು ಲೋಕಲ್ ಡಬ್ಬಿಗಳ ಹಾಗೆ ಒಂದರ ಹಿಂದೊಂದು ನಿಲ್ಲುತ್ತವೆ. ಎಲ್ಲರ ಚಾವಿಯೂ ವಾಚ್‌ಮನ್ ಕೋಣೆಯ ಮೊಳೆಗಳಲ್ಲಿ ನೇತಾಡುತ್ತದೆ. ಬೆಳಿಗ್ಗೆ ಹಿಂದಿನ ಕಾರು ಹೊರಡಬೇಕಾದರೆ ವಾಚ್‌ಮನ್ ಮುಂದಿನದನ್ನು ಚಾಲೂ ಮಾಡಿ ಹತ್ತು ಅಡಿ ಸರಿಸುತ್ತಾನೆ, ಬಂದ್ ಮಾಡುತ್ತಾನೆ, ಮುಂದಿನದಕ್ಕೆ ಹೋಗುತ್ತಾನೆ. ನಲವತ್ತು ವರ್ಷದಿಂದ ಹೀಗೇ ನಡೆದಿದೆ. ಒಂದು ಕಾರಿಗೂ ಏನೂ ಆಗಿಲ್ಲ. ಅವೆಲ್ಲ ಕುಟ್ಟುವ ಕಾರುಗಳು.

ಚಾವಿ ಕೊಡುವುದಿಲ್ಲ ಎಂದೆ. ರೂಲು ಎಲ್ಲರಿಗೂ ಒಂದೇ ಎಂದರು ಸೊಸೈಟಿಯ ಸೆಕ್ರೆಟರಿ. ಕೊಟ್ಟೆ. ವಾಚ್‌ಮನ್‌ಗೆ, ಸರಿಸಿದ ಮೇಲೆ ಹತ್ತು ನಿಮಿಷ ಚಾಲೂ ಇಡಬೇಕು ಎಂದು ಹೇಳಿಕೊಟ್ಟೆ. ಒಳ್ಳೆಯ ಮನುಷ್ಯ, ಹಾಗೇ ಮಾಡಿದ. ಎರಡೇ ವಾರದಲ್ಲಿ ಮೊದಲ ಮಹಡಿಯವರು ಹೊಗೆಯೆಂದು, ಎರಡನೆಯವರು ಸದ್ದೆಂದು ಅವನ ಮೇಲೆ ಹರಿಹಾಯ್ದರು. ಅವನು ನನ್ನ ಬಳಿ ಬಂದು, ಏನು ಮಾಡಲಿ ಸಾಬ್ ಎಂದ. ಲೋಕಲ್ ತಪ್ಪುವ ಹೊತ್ತು. ನಾನು ಮೆಟ್ಟಿಲಿಳಿಯುತ್ತಲೇ, “ಥೋಡಾ ಅಡ್ಜಸ್ಟ್ ಕರೋ ನಾ,” ಎಂದೆ.

ಈ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ. ಬೇರೆ ಯಾರಿಗೂ ನೆನಪಿಲ್ಲ. ನೆನಪು ನನ್ನ ಪರವಾಗಿ ಇಷ್ಟೆಲ್ಲ ತಿದ್ದಿದ ಮೇಲೂ ಇದೊಂದನ್ನು ಏಕೆ ತಿದ್ದದೆ ಬಿಟ್ಟಿತೋ.

ಮೂರೋ ನಾಲ್ಕೋ ವಾರ ಕಳೆದು ಒಂದು ಭಾನುವಾರ ಕಾರು ಏಳಲಿಲ್ಲ. ಎಷ್ಟು ತಿರುಗಿಸಿದರೂ ಒಳಗೆ ಹಗುರಾಗಿ, ಹಿಡಿತವೇ ಇಲ್ಲದೆ ಸುತ್ತುವ ಸದ್ದು. ಪೆಟ್ರೋಲಿನ ಘಾಟು. ವಾಚ್‌ಮನ್‌ನನ್ನು ಕೇಳಿದೆ. “ಸಾಬ್, ಚಾಲೂ ಕಿಯಾಹೀ ನಹೀ. ಧಕ್ಕಾ ಮಾರಾ,” ಎಂದ. ಆವತ್ತಿನಿಂದ ಚಾಲೂ ಮಾಡದೆ ದಿನಾ ಕೈಯಲ್ಲೇ ನೂಕಿದೆ ಎಂದು ಅವನ ಮಾತು. ಅಷ್ಟು ಭಾರದ ಕಾರನ್ನು ಒಬ್ಬನೇ? ನಾನು ಕೆಳಗಿಳಿಯುವ ಹೊತ್ತಿಗೆ ಕಾರುಗಳೆಲ್ಲ ಸರಿದಾಗಿರುತ್ತಿತ್ತು. ಕಣ್ಣಾರೆ ಕಂಡಿಲ್ಲ.

ಅಕ್ಕನಿಗೆ ಫೋನು ಮಾಡುವುದು ಬಹಳ ಕಷ್ಟವಾಯಿತು. ಅವರು ಬೈಯಲಿಲ್ಲ. ಗೋರೆಗಾಂವ್‌ನ ಬಾಡಿಗೆ ಮನೆಯಿಂದ ಲೋಕಲ್ ಹಿಡಿದು ಬಂದರು. ಮೆಕ್ಯಾನಿಕ್ ಅಷ್ಟರಲ್ಲೇ ಬಂದಿದ್ದ.

“ನಾಲ್ಕು ಪ್ಲಗ್ಗೂ ಬಿಚ್ಚಿ,” ಎಂದರು ಅವನಿಗೆ. ನನಗೆ, “ಮನೆಯಲ್ಲಿ ಹಳೇ ದೋಸೆಕಾವಲಿ ಉಂಟಾ?”

ಒದ್ದೆ ಪ್ಲಗ್ಗುಗಳನ್ನು ಒರೆಸಿ ನಮ್ಮ ಅಡುಗೆಮನೆಯಲ್ಲಿ ಕಾವಲಿಯ ಮೇಲಿಟ್ಟು, ಸಣ್ಣ ಉರಿಯಲ್ಲಿ, ಚಿಮಟದಿಂದ ಮಗುಚುತ್ತ ಅವರು ಕಾಯಿಸಿದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ಚಟ್ನಿ ಏನಾದರೂ ಮಾಡಲಾ?” ಎಂದು ಕೇಳಿದಳು. ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ. ಕೊಂದುಬಿಟ್ಟೆನಾ ಎಂಬುದೊಂದೇ ತಲೆಯಲ್ಲಿತ್ತು.

ಕೆಳಗಿಳಿದು, ಒಳಗೆ ಪೆಟ್ರೋಲು ಹೋಗದಂತೆ ಫ್ಯೂಸ್ ಕಿತ್ತು ಎಂಜಿನ್ ತಿರುಗಿಸಿದಾಗ, ಪ್ಲಗ್ಗಿನ ತೂತುಗಳಿಂದ ಪೆಟ್ರೋಲು ಹಬೆಯಂತೆ ಚಿಮ್ಮಿತು. ಅಕ್ಕ ಒಂದೊಂದು ಕೋಣೆಗೂ ಒಂದೊಂದು ಚಮಚ ಎಂಜಿನ್ ಆಯಿಲ್ ಹಾಕಿಸಿದರು. ಬಾಣಂತಿಗೆ ಎಣ್ಣೆ ಹಚ್ಚುವಷ್ಟು ನಿಧಾನ. ಪ್ಲಗ್ಗು ಬಿಸಿಯಿರುವಾಗಲೇ ಹಾಕಿ, ಫ್ಯೂಸ್ ಕೂರಿಸಿ, ತಾವೇ ಒಳಗೆ ಕೂತು ಚಾವಿ ತಿರುಗಿಸಿದರು. ಏನಿಲ್ಲ. ಮತ್ತೆ. ಏನಿಲ್ಲ. ಮೆಕ್ಯಾನಿಕ್ ನನ್ನ ಮುಖ ನೋಡಿದ. ಮೂರನೆಯದರಲ್ಲಿ ಎಲ್ಲೋ ಒಂದು ಮೂಲೆ ಕೆಮ್ಮಿತು. ಇನ್ನೊಂದು ಹಿಡಿಯಿತು. ಆಮೇಲೆ ಕಾಂಪೌಂಡು ಬಿಳಿಯ ಹೊಗೆಯಲ್ಲಿ ಮುಚ್ಚಿಹೋಯಿತು. ಕಾರು ಕಾಣದು, ಅಕ್ಕ ಕಾಣರು, ಆ ಬಿಳುಪಿನ ನಡುವಿನಿಂದ ಆ ತಂತಿಯ ದನಿ ಮಾತ್ರ ಸಣ್ಣಗೆ ಎದ್ದು, ನುಣುಪಾಗಿ, ಮೇಲಕ್ಕೆ ಹೋಯಿತು. ಬೈಯಲೆಂದು ಗ್ಯಾಲರಿಗೆ ಬಂದವರು ಬೈಯಲಿಲ್ಲ. ಸೆಕ್ರೆಟರಿ ಕೈಯಲ್ಲಿ ಪೇಪರು ಹಿಡಿದು ಹಾಗೇ ನಿಂತಿದ್ದರು. “ಅಬ್ಬಬ್ಬಬ್ಬಾ,” ಎಂದ ಮೆಕ್ಯಾನಿಕ್.

ಹೊಗೆ ತೆಳುವಾದ ಮೇಲೆ ಒಂದು ಸುತ್ತು ಹೋಗಿಬಂದೆವು. ಗೇಟಿನ ಬಳಿ ಅಕ್ಕ ಬಂದ್ ಮಾಡಿ, ಹತ್ತು ನಿಮಿಷ ಸುಮ್ಮನೆ ಕೂತು, ಮತ್ತೆ ತಿರುಗಿಸಿದರು. ಎರಡನೆಯ ಸಲಕ್ಕೆ ಎದ್ದಿತು. ಎರಡು. ಇದನ್ನು ನಾನು ಎಣಿಸಿದ್ದೇನೆ.

“ಅಕ್ಕ, ಆವತ್ತು ಬಾಂದ್ರಾದಲ್ಲಿ ಎಷ್ಟನೇ ಸಲಕ್ಕೆ ಎದ್ದಿತ್ತು?”

ಅವರು ಚಾವಿಯನ್ನು ನನ್ನ ಅಂಗೈಯಲ್ಲಿಟ್ಟರು. “ನಾನು ಚಾವಿ ತಿರುಗಿಸಿದ್ದು ಮಾರಾಯ್ರೆ. ಎಣಿಸ್ಲಿಲ್ಲ.”

ಈಗ ಆ ಚಾವಿ ಮೊಳೆಯ ಮೇಲಿಲ್ಲ. ದಿನವೂ ಕಾರು ಸರಿಸುವ ಹೊತ್ತಿಗೆ ನಾನೇ ಇಳಿದು ಹೋಗುತ್ತೇನೆ. ವಾಚ್‌ಮನ್ ಹಿಂದಿನಿಂದ, ನಾನು ಬಾಗಿಲ ಬಳಿ ಭುಜ ಕೊಟ್ಟು ನೂಕುತ್ತೇವೆ. ಇಬ್ಬರು ಸೇರಿದರೆ ಕಾರು ಹಗುರಾಗಿಯೇ ಸರಿಯುತ್ತದೆ. ಒಬ್ಬನೇ ನೂಕಲು ಆಗುತ್ತದೆಯೇ ಎಂದು ನಾನು ಪರೀಕ್ಷಿಸಿ ನೋಡಿಲ್ಲ. ಬಿಸಿಯಿದ್ದಾಗ ಕಾರು ಈಗಲೂ ಎರಡನೆಯ ಸಲಕ್ಕೆ ಏಳುತ್ತದೆ. ಒಳಗಿನ ಒತ್ತಡ ಅಳೆಯುವ ಯಂತ್ರವೊಂದಿದೆಯಂತೆ. ಅದು ಹೇಳುವುದು ಇವತ್ತಿನದನ್ನು ಮಾತ್ರ. ನನ್ನ ಕೈಗೆ ಬರುವಾಗಲೇ ಎಂಜಿನ್ ಸವೆದಿತ್ತೋ, ಅಥವಾ ನಾನು ಮೆಟ್ಟಿಲಿಳಿಯುತ್ತ ಆಡಿದ ಒಂದು ಮಾತಿನಿಂದ ಸವೆಯಿತೋ, ನನಗೆ ಗೊತ್ತಿಲ್ಲ.