ದರ್ಶಿನಿ ಮೇಜಿನ ಮೇಲೊಂದು ಸಾಲು

ಕಡಲು, ಹವಾಮಾನ, ನೀತಿ ಅಂತ ಕರಾವಳಿ ದೇಶಗಳ ತಜ್ಞರೆಲ್ಲ ಸಭೆ ಸೇರಿರುವುದು ಕಡಲೇ ಇಲ್ಲದ ಜಯನಗರದಲ್ಲಿ. ಮಲ್ಪೆಯ ಮೀನುಗಾರ್ತಿ ಸುಮತಿಯಕ್ಕನ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ನಾನೂ ಜೊತೆಗೆ ಬಂದಿದ್ದೇನೆ. ವಿರಾಮದಲ್ಲಿ ಎದುರಿನ ದರ್ಶಿನಿಗೆ ಹೋದೆವು. ಕುರ್ಚಿಯಿಲ್ಲದ ಜಾಗ. ಸಭೆಯ ನೀತಿಯ ಕರಡು ಬರೆಯುವ ಕೊಲಂಬೊ ತಜ್ಞರೊಬ್ಬರು ನಮ್ಮ ಮೇಜಿನ ಬಳಿಯೇ ನಿಂತು ವಡೆ ತಿನ್ನುತ್ತಿದ್ದರು.

ಕಡಲು ಕೊರೆಯುವ ಊರುಗಳನ್ನು ಒಳನಾಡಿಗೆ ಸ್ಥಳಾಂತರಿಸಬೇಕು ಎನ್ನುತ್ತದೆ ಕರಡು. ಮಧ್ಯಾಹ್ನ ಅದು ಅಂತಿಮವಾಗಲಿದೆ.

“ನಮ್ಮ ಒಪ್ಪಿಗೆ ಇಲ್ಲದೆ ಎಬ್ಬಿಸ್ಬಾರ್ದು ಅಂತ ಒಂದು ಸಾಲು ಹಾಕ್ಲಿಕ್ಕೆ ಹೇಳಿ ಮಾರಾಯ್ರೆ,” ಅಂದರು ಅಕ್ಕ.

ಹೇಳಿದೆ. ಇಮೇಲ್ ಮಾಡಿ ಎಂದರು ತಜ್ಞರು.

ತಟ್ಟೆ ಹಿಡಿದು ಜಾಗಕ್ಕೆ ಕಾಯುತ್ತಿದ್ದ ಹಿರಿಯರೊಬ್ಬರು ರೇಗಿದರು. “ಎದುರಿಗೇ ನಿಂತವ್ರಿಗೆ ಮೇಲ್ ಯಾಕ್ರೀ? ಈಗ್ಲೇ ಬರ್ಕೊಳ್ಳೋಕೆ ಹೇಳಿ ಸಾರ್. ನನ್ ಇಡ್ಲಿ ಆರೋಗ್ತಾ ಇದೆ!”

ಅದನ್ನೂ ಅನುವಾದಿಸಿದೆ. ತಜ್ಞರು ನಕ್ಕು, ಚೀಲದಿಂದ ಕರಡು ತೆಗೆದು, ಅಂಚಿನಲ್ಲಿ ಪೆನ್ಸಿಲಿನಿಂದ ಆ ಸಾಲು ಬರೆದರು.

ಅಕ್ಕ ಆ ಅಕ್ಷರಗಳನ್ನೇ ದಿಟ್ಟಿಸಿದರು. ಸಮಾಧಾನವಾಗಲಿಲ್ಲ. ಹಿರಿಯರ ಜೇಬಿನಲ್ಲಿದ್ದ ಪೆನ್ನನ್ನು ಕೇಳಿ ಪಡೆದು, ತಜ್ಞರ ಮುಂದೆ ಚಾಚಿದರು.

“ಇದ್ರಲ್ಲಿ ಬರೀಲಿಕ್ಕೆ ಹೇಳಿ.”